ರಾವುತನ ಕುದುರೆಗೆ ಮೇವೆಲ್ಲಿ?

ಕಳೆದ ದೀಪಾವಳಿಯ ಸೂಟಿಯಲ್ಲಿ ನಾವು ಪರಿಚಯದ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. ಸೊಲ್ಲಾಪುರದಲ್ಲಿ ಕಾಲೇಜು ಓದುವ ಹಿರಿಯ ಮಗನು ತಂದಿದ್ದ ಕಂಪ್ಯೂಟರಿನ ಮುಂದೆ ಏಳನೆಯ ಇಯತ್ತೆಯ ಕಿರಿಯ ಮಗನು ಕುಳಿತು ಯುದ್ಧದ ಆಟವೊಂದರಲ್ಲಿ ತಲ್ಲೀನನಾಗಿದ್ದನು. ಪರದೆಯ ಮೇಲೆ ಬಿಲ್ಲು ಹಿಡಿದ ರಾವುತರು ಸಾಲುಸಾಲಾಗಿ ಓಡುತ್ತಿದ್ದರು. ಹಿಂದೆ ಕುಳಿತು ನೋಡುತ್ತಿದ್ದ ಅಜ್ಜನವರು ಬಹಳ ಹೊತ್ತಿನ ಮೇಲೆ ಒಂದು ಮಾತು ಕೇಳಿದರು:

“ಏನ್ ತಮ್ಮಾ, ಇಷ್ಟ ಕುದುರಿ ಕಟ್ಟೀದಿ, ಇವಕ್ಕ ಮೇವ ಎಲ್ಲಿಂದ ತರ್ತಿ?”

ಹುಡುಗನು ತಲೆಯೆತ್ತದೆ, “ಇದ್ರಾಗ ಮೇವ ಬೇಕಾಗಂಗಿಲ್ಲ ಅಜ್ಜಾ. ಕಟ್ಟಿಗಿ, ಬಂಗಾರ ಇದ್ರ ಸಾಕು” ಎಂದನು.

“ಹಂಗಾದ್ರ ಅಂಥಾದೊಂದು ಎತ್ತು ಸಿಗತದೇನ ನೋಡಪಾ, ನಮಗೂ ಬೇಕಾಗೇದ” ಎಂದು ಅಜ್ಜನವರು ನಕ್ಕರು. ಮನೆಯವರೆಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಮರಳುವಾಗ ದಾರಿಯುದ್ದಕ್ಕೂ ಆ ಪ್ರಶ್ನೆಯೇ ನಮ್ಮ ಮನಸ್ಸಿನಲ್ಲಿ ಸುಳಿಯುತ್ತಿದ್ದಿತು. ವಿಚಾರಿಸಿದಷ್ಟೂ ಅದು ಕೇವಲ ವಿನೋದದ ಪ್ರಶ್ನೆಯಲ್ಲವೆಂದೂ, ಕುದುರೆಯ ದಂಡುಗಳ ಚರಿತ್ರೆಯೆಲ್ಲವೂ ಅದರೊಳಗೆ ಅಡಗಿದೆಯೆಂದೂ ನಮಗೆ ತೋರಿತು. ಆದುದರಿಂದ ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳೊಡನೆಯೂ ಅವರ ತಂದೆತಾಯಿಗಳೊಡನೆಯೂ ಆ ವಿಷಯವನ್ನೇ ನಾಲ್ಕು ಮಾತುಗಳಲ್ಲಿ ವಿವೇಚಿಸಬೇಕೆಂದಿದ್ದೇವೆ.

ಆಟದೊಳಗಿನ ವೀರ

ಆ ಬಾಲಕನು ಆಡುತ್ತಿದ್ದ ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್’. ಅದರ ಎರಡನೆಯ ಭಾಗವು 1999ರಲ್ಲಿ ಹೊರಬಂದಿತು. ಇಂದಿಗೂ ಜಗತ್ತಿನ ನಾನಾ ಕಡೆಗಳಲ್ಲಿ ಅದನ್ನು ಆಡುವವರಿದ್ದಾರೆ. ಆಡುವವನು ಒಂದು ಜನಾಂಗವನ್ನು ಆರಿಸಿಕೊಂಡು ಊರು ಕಟ್ಟಿಸಬೇಕು. ಧಾನ್ಯ, ಕಟ್ಟಿಗೆ, ಬಂಗಾರ, ಕಲ್ಲುಗಳನ್ನು ಕೂಡಿಸಬೇಕು. ಅವುಗಳ ಬಲದಿಂದ ಸೈನ್ಯವನ್ನು ಸಿದ್ಧಪಡಿಸಿ ಎದುರಾಳಿಯನ್ನು ಜಯಿಸಬೇಕು. ಮಂಗೋಲರನ್ನು ಆರಿಸಿಕೊಂಡವನಿಗೆ ‘ಮಂಗುದಾಯಿ’ ಎಂಬ ಬಿಲ್ಲುಗಾರ ರಾವುತನು ದೊರೆಯುತ್ತಾನೆ. ಇವನನ್ನು ಸಿದ್ಧಪಡಿಸಲು ತಗಲುವ ವೆಚ್ಚ 55 ಪ್ರಮಾಣ ಕಟ್ಟಿಗೆ, 65 ಪ್ರಮಾಣ ಬಂಗಾರ. ಧಾನ್ಯದ ಒಂದು ಕಾಳೂ ಬೇಡ. ಕಾಲವಾದರೂ ಅರ್ಧ ನಿಮಿಷಕ್ಕಿಂತ ಹೆಚ್ಚಿಲ್ಲ. ಆಟದಲ್ಲಿಯ ಬೇರೆ ಕೆಲವು ಸವಾರರಿಗೆ ಆರಂಭದಲ್ಲಿ ಧಾನ್ಯ ಬೇಕಾಗುವುದುಂಟು. ಆದರೆ ಒಮ್ಮೆ ಸಿದ್ಧನಾದ ಮೇಲೆ ಯಾವ ಸವಾರನೂ ತುತ್ತು ಕೇಳುವುದಿಲ್ಲ, ಯಾವ ಕುದುರೆಯೂ ಹುಲ್ಲು ಕೇಳುವುದಿಲ್ಲ.

ಇವರೆಲ್ಲರ ಮೇಲೆ ‘ವೀರ’ರೆಂಬವರಿದ್ದಾರೆ. ಚೆಂಗೀಸಖಾನ, ಅವನ ಸೇನಾನಿಯಾದ ಸುಬುತಾಯಿ ಮೊದಲಾದ ಚಾರಿತ್ರಿಕ ಪುರುಷರು ಆಟದ ಕೆಲವು ಪ್ರಸಂಗಗಳಲ್ಲಿ ಸ್ವತಃ ಕುದುರೆಯೇರಿ ಬರುತ್ತಾರೆ. ಸಾಮಾನ್ಯ ರಾವುತನು ನಾಲ್ಕಾರು ಹೊಡೆತಗಳಿಗೆ ಬಿದ್ದರೆ ಇವರು ಅದಕ್ಕಿಂತ ಬಹಳ ಹೆಚ್ಚು ಹೊಡೆತಗಳನ್ನು ತಡೆದುಕೊಳ್ಳಬಲ್ಲರು. ಆದುದರಿಂದ ಯುದ್ಧವನ್ನು ಗೆಲ್ಲುವವನು ಇಂಥ ಒಬ್ಬ ವೀರನೇ ಎಂಬ ಭಾವನೆಯು ಆಡುವ ಮಕ್ಕಳಲ್ಲಿ ಸಹಜವಾಗಿಯೇ ನೆಲೆಗೊಳ್ಳುತ್ತದೆ.

ಆಟವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ಹಿರಿಯರು ಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದ ಚದುರಂಗದ ಕುದುರೆಯೂ ಹುಲ್ಲು ತಿನ್ನುತ್ತಿರಲಿಲ್ಲ. ಆದರೆ ಆಟದ ರಾವುತನಿಗೂ ಚರಿತ್ರೆಯ ರಾವುತನಿಗೂ ಇರುವ ಅಂತರವನ್ನು ತಿಳಿದು ಆಡುವುದು ಒಳ್ಳೆಯದು. ಆ ಅಂತರವೇನೆಂಬುದನ್ನು ಈಗ ನೋಡೋಣ.

ಹುಲ್ಲಿನ ನಾಡು

ಯುರೋಪಿನ ಹಂಗೇರಿಯಿಂದ ತೊಡಗಿ ಚೀನದ ಉತ್ತರದ ಮಂಚೂರಿಯದವರೆಗೆ ಸುಮಾರು 8,000 ಕಿಲೋಮೀಟರುಗಳ ಉದ್ದಕ್ಕೆ ಒಂದು ಹುಲ್ಲಿನ ಪಟ್ಟಿ ಹಬ್ಬಿದೆ. ಅಲ್ಲಿ ಮಳೆಯು ಕಡಿಮೆ, ಚಳಿಯು ಘೋರ. ಹೆಚ್ಚಿನ ಭಾಗದಲ್ಲಿ ಪೂರ್ವಕಾಲದಲ್ಲಿ ಉತ್ತಿಬಿತ್ತುವ ಮಾತೇ ಇರಲಿಲ್ಲ. ಆದರೆ ಹುಲ್ಲಿಗೆ ಕೊರತೆಯಿಲ್ಲ. ಅಲ್ಲಿಯ ಜನರು ಕುರಿ, ಮೇಕೆ, ದನ, ಒಂಟೆ, ಕುದುರೆಗಳನ್ನು ಸಾಕಿಕೊಂಡು, ಹುಲ್ಲು ಇದ್ದೆಡೆಗೆ ಡೇರೆಗಳನ್ನು ಹೊತ್ತು ಅಲೆಯುತ್ತಿದ್ದರು. ಇಂದಿನ ಸಾಕುಕುದುರೆಗಳ ಮೂಲವು ಈ ಪಟ್ಟಿಯ ಪಶ್ಚಿಮಕ್ಕೆ, ವೋಲ್ಗಾ ಮತ್ತು ಡಾನ್ ನದಿಗಳ ಕೆಳದಂಡೆಯ ಪ್ರದೇಶದಲ್ಲಿ, ಸುಮಾರು 4,200 ವರ್ಷಗಳ ಹಿಂದೆ ಇದ್ದಿತೆಂದು 2021ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯು ತೋರಿಸಿದೆ. ಅಲ್ಲಿಯ ಮಗುವು ನಡೆಯಲು ಕಲಿಯುವುದರೊಡನೆಯೇ ಕುದುರೆಯೇರಲು ಕಲಿಯುತ್ತಿತ್ತೆಂದು ಹೇಳುವುದರಲ್ಲಿ ಅತಿಶಯೋಕ್ತಿಯು ಬಹಳವಿಲ್ಲ.

ಮಂಗೋಲರ ಕುದುರೆಯು ನೋಡಲು ಗಿಡ್ಡ, ತಲೆ ದೊಡ್ಡದು, ಮೈತುಂಬ ಒರಟು ಕೂದಲು. ಅರಬೀ ಕುದುರೆಯ ಅಂದವಾಗಲಿ ವೇಗವಾಗಲಿ ಅದಕ್ಕಿಲ್ಲ. ಆದರೆ ಹಿಮದ ಕೆಳಗಿನ ಹುಲ್ಲನ್ನು ಗೊರಸಿನಿಂದ ಕೆದರಿ ತಿಂದು ಬದುಕುವ ಸಾಮರ್ಥ್ಯವು ಅದಕ್ಕಿದೆ. ಪ್ರತಿಯೊಬ್ಬ ರಾವುತನು ಮೂರರಿಂದ ಐದು ಕುದುರೆಗಳನ್ನು ಜೊತೆಗೆ ಹೊಡೆದುಕೊಂಡು ಬರುತ್ತಿದ್ದನು. ಒಂದು ದಣಿದರೆ ಇನ್ನೊಂದನ್ನು ಏರುವನು. ಹೆಣ್ಣು ಕುದುರೆಯ ಹಾಲು ಅವನ ಆಹಾರ. ಹೀಗೆ ಸರಂಜಾಮಿನ ಬಂಡಿಗಳನ್ನು ನೆಚ್ಚದೆ ಆ ದಂಡು ದಿನದಿನಕ್ಕೆ ಬಹು ದೂರ ಸಾಗಬಲ್ಲುದಾಗಿತ್ತು.

ಇನ್ನು ಆಯುಧ. ಅವರ ಬಿಲ್ಲು ಒಂದೇ ಮರದ ದಂಡವಲ್ಲ. ನಡುವೆ ಮರ, ಬಿಲ್ಲುಗಾರನ ಕಡೆಗೆ ಕೊಂಬಿನ ಪಟ್ಟಿ, ಹೊರಗಡೆಗೆ ಪ್ರಾಣಿಗಳ ಸ್ನಾಯು. ಈ ಮೂರನ್ನೂ ಅಂಟಿನಿಂದ ಬೆಸೆದು ಬಹುಕಾಲ ಒಣಗಿಸಿ ಮಾಡಿದ ಬಿಲ್ಲು ಗಿಡ್ಡದಾದರೂ ಬಹಳ ಬಲವುಳ್ಳದ್ದು. ಗಿಡ್ಡದಾದ ಕಾರಣ ಕುದುರೆಯ ಕತ್ತಿನ ಎಡಕ್ಕೂ ಬಲಕ್ಕೂ ಅದನ್ನು ಸುಲಭವಾಗಿ ತಿರುಗಿಸಬಹುದಾಗಿತ್ತು. ರಿಕಾಪಿನಲ್ಲಿ ಕಾಲೂರಿ, ಹಲ್ಲಣದಿಂದ ಎದ್ದು ನಿಂತು, ಓಡುವ ಕುದುರೆಯ ಮೇಲಿಂದಲೇ ಹಿಂದಕ್ಕೆ ಹೊರಳಿ ಬಾಣ ಬಿಡುವುದು ಅವರ ವಿದ್ಯೆ. ಇಲ್ಲಿ ರಿಕಾಪಿನ ಮಹತ್ವವನ್ನು ಗಮನಿಸಬೇಕು. ಸಾಂಚಿಯ ಶಿಲ್ಪಗಳಲ್ಲಿ ಸವಾರನು ಹೆಬ್ಬೆರಳನ್ನು ಸಿಕ್ಕಿಸುವ ಕುಣಿಕೆಯನ್ನು ಕಾಣಬಹುದು; ಎರಡೂ ಪಾದಗಳನ್ನು ಊರಿ ನಿಲ್ಲಬಹುದಾದ ಗಟ್ಟಿ ರಿಕಾಪು ಚೀನದಲ್ಲಿ ಕ್ರಿ.ಶ. 4ನೆಯ ಶತಮಾನದಲ್ಲಿ ಬಳಕೆಗೆ ಬಂದು ಹುಲ್ಲುನಾಡಿನ ಮೂಲಕ ಜಗತ್ತಿಗೆ ಹರಡಿತು. ಹಳಗನ್ನಡದಲ್ಲಿ ಇದಕ್ಕೆ ‘ಅಂಕವಣೆ’ ಎಂಬ ಸ್ವಂತ ಹೆಸರೇ ಇದೆ.

ಹುಸಿ ಓಟ

1206ರಲ್ಲಿ ಮಂಗೋಲ ಕುಲಗಳ ಮಹಾಸಭೆಯು ತೆಮುಜಿನನಿಗೆ ಚೆಂಗೀಸಖಾನನೆಂಬ ಬಿರುದನ್ನು ಕೊಟ್ಟಿತು. ಅವನು ದಂಡನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂಬ ಗುಂಪುಗಳಾಗಿ ಕಟ್ಟಿದನು. ಕುಲ ಯಾವುದು ಎಂದು ನೋಡದೆ ಯೋಗ್ಯತೆಯನ್ನು ನೋಡಿ ನಾಯಕರನ್ನು ನೇಮಿಸಿದನು. ಇದಕ್ಕೆ ಜೆಬೆ ಎಂಬುವನ ಕಥೆಯೇ ಸಾಕ್ಷಿ. ಶತ್ರುಪಕ್ಷದ ಬಿಲ್ಲುಗಾರನಾಗಿದ್ದ ಇವನ ಬಾಣವು ಖಾನನ ಕುದುರೆಯ ಕತ್ತಿಗೆ ತಗಲಿತ್ತು. ಯುದ್ಧ ಮುಗಿದ ಮೇಲೆ, ಬಾಣ ಬಿಟ್ಟವರು ಯಾರೆಂದು ಖಾನನು ಕೇಳಿದಾಗ ಇವನು ತಾನೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಖಾನನು ಆ ಸತ್ಯವಂತಿಕೆಗೆ ಮೆಚ್ಚಿ ಅವನನ್ನು ತನ್ನ ಬಳಿ ಇಟ್ಟುಕೊಂಡು, ಬಾಣವನ್ನು ಸೂಚಿಸುವ ‘ಜೆಬೆ’ ಎಂಬ ಹೆಸರನ್ನಿಟ್ಟನು. ಮುಂದೆ ಆತನು ಮಂಗೋಲರ ಅತ್ಯಂತ ಸಮರ್ಥ ಸೇನಾನಿಗಳಲ್ಲಿ ಒಬ್ಬನಾದನು.

1223ರಲ್ಲಿ ಜೆಬೆಯೂ ಸುಬುತಾಯಿಯೂ ಕೂಡಿ ರಷ್ಯದ ಅರಸರನ್ನು ಕಲ್ಕಾ ನದಿಯ ಬಳಿ ಸೋಲಿಸಿದ ರೀತಿಯು ಪ್ರಸಿದ್ಧವಾಗಿದೆ. ಮಂಗೋಲರು ಸೋತವರಂತೆ ಒಂಬತ್ತು ದಿನ ಹಿಮ್ಮೆಟ್ಟಿದರು. ಬೆನ್ನಟ್ಟಿದವರ ಸಾಲು ಉದ್ದವಾಗಿ ಹರಿದು, ಕುದುರೆಗಳು ದಣಿದಾಗ, ಥಟ್ಟನೆ ತಿರುಗಿ ಮೇಲೆ ಬಿದ್ದರು. ಇದೇ ಉಪಾಯಕ್ಕೆ ನಮ್ಮ ದೇಶದ ವೀರನೊಬ್ಬನೂ ಬಲಿಯಾದನು. 1299ರಲ್ಲಿ ದಿಲ್ಲಿಯ ಸಮೀಪದ ಕಿಲಿ ಎಂಬಲ್ಲಿ ಅಲ್ಲಾವುದ್ದೀನ ಖಿಲ್ಜಿಯ ಸರದಾರನಾದ ಜಾಫರಖಾನನು ಓಡುವ ಮಂಗೋಲರನ್ನು ಬಹುದೂರ ಬೆನ್ನಟ್ಟಿ ಹೋಗಿ, ಸುತ್ತುವರಿಯಲ್ಪಟ್ಟು ಮಡಿದನು. ಅವನ ಶೌರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಶೌರ್ಯವೊಂದೇ ಅವನನ್ನು ಉಳಿಸಲಿಲ್ಲ.

ಒಂದು ಲೆಕ್ಕ

ಈಗ ಅಜ್ಜನವರ ಪ್ರಶ್ನೆಗೆ ಬರೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಹತ್ತು ಸಾವಿರ ರಾವುತರ ಒಂದು ದಂಡು. ಒಬ್ಬನಿಗೆ ಮೂರೇ ಕುದುರೆಗಳೆಂದು ಹಿಡಿದರೂ 30,000 ಕುದುರೆಗಳಾದವು. ಗಿಡ್ಡ ಕುದುರೆಗೆ ದಿನಕ್ಕೆ ಏಳು ಕಿಲೋ ಒಣಮೇವು ಬೇಕೆಂದು ಇಟ್ಟುಕೊಳ್ಳೋಣ. ಆಗ ಒಂದು ದಿನದ ಮೇವು 2,10,000 ಕಿಲೋ, ಅಂದರೆ 210 ಟನ್ನು. ನಮ್ಮ ಸೀಮೆಯ ಮಳೆಯಾಶ್ರಯದ ಹೊಲದಲ್ಲಿ ಎಕರೆಗೆ ಒಂದು ಟನ್ನು ಜೋಳದ ಕಣಿಕೆ ಬಂದಿತೆಂದು ಭಾವಿಸಿದರೆ, ಆ ದಂಡು ಒಂದೊಂದು ದಿನಕ್ಕೆ 210 ಎಕರೆಗಳ ಕಣಿಕೆಯನ್ನು ಮುಗಿಸುತ್ತದೆ. ಹತ್ತು ದಿನ ನಿಂತರೆ 2,100 ಎಕರೆ. ನೀರಿನ ಲೆಕ್ಕ ಬೇರೆ. ಅಲ್ಲದೆ ಕುದುರೆಯು ಅರ್ಧ ನಿಮಿಷದಲ್ಲಿ ಹುಟ್ಟುವುದಿಲ್ಲ. ತಾಯಿಯ ಗರ್ಭದಲ್ಲಿ ಹನ್ನೊಂದು ತಿಂಗಳು ಇರುತ್ತದೆ, ಬಳಿಕ ಯುದ್ಧಕ್ಕೆ ಸಿದ್ಧವಾಗಲು ನಾಲ್ಕು ವರ್ಷಗಳಾದರೂ ಬೇಕು. ಅಷ್ಟು ವರ್ಷವೂ ಅದು ತಿನ್ನುತ್ತಲೇ ಇರಬೇಕು.

ಮಂಗೋಲರ ಬಲಕ್ಕೆ ಹುಲ್ಲೇ ಕಾರಣ. ಅವರ ಎಲ್ಲೆಯನ್ನು ನಿರ್ಣಯಿಸಿದ್ದೂ ಬಹುಮಟ್ಟಿಗೆ ಹುಲ್ಲೇ. 1241ರಲ್ಲಿ ಹಂಗೇರಿಯನ್ನು ಗೆದ್ದ ಅವರು ಮರುವರ್ಷವೇ ಅಲ್ಲಿಂದ ಹಿಂದಿರುಗಿದರು. ಅದೇ ಸುಮಾರಿಗೆ ಅವರ ಮಹಾಖಾನನು ತೀರಿಕೊಂಡದ್ದು ಒಂದು ಕಾರಣವೆನ್ನುತ್ತಾರೆ. ಅಷ್ಟೊಂದು ಕುದುರೆಗಳನ್ನು ಸಾಕುವಷ್ಟು ಹುಲ್ಲು ಅಲ್ಲಿಯ ಬಯಲಿನಲ್ಲಿರಲಿಲ್ಲವೆಂಬುದು ಇನ್ನು ಕೆಲವು ಇತಿಹಾಸಜ್ಞರ ಮತ.

ದಖ್ಖನಕ್ಕೆ ಬಂದ ವಿದ್ಯೆ

ಮಂಗೋಲರು ನಮ್ಮ ಭೀಮಾ ತೀರಕ್ಕೆ ಬರಲಿಲ್ಲ. ಆದರೆ ಅವರ ಮತ್ತು ತುರ್ಕರ ಅಶ್ವವಿದ್ಯೆಯು ದಿಲ್ಲಿಯ ಸುಲ್ತಾನರ ದಂಡಿನೊಡನೆ ದಕ್ಷಿಣಕ್ಕೆ ಬಂದಿತು. 1296ರಲ್ಲಿ ದೇವಗಿರಿಯೂ 1311ರಲ್ಲಿ ದೋರಸಮುದ್ರವೂ ಅದರ ಪೆಟ್ಟನ್ನು ಉಂಡವು. 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿತು; ನಮ್ಮ ನೆರೆಯ ಕಲಬುರ್ಗಿಯೇ ಅದರ ರಾಜಧಾನಿಯಾಯಿತು.

ಇದನ್ನು ಎದುರಿಸಬೇಕಾದ ವಿಜಯನಗರದ ಅರಸರು ಏನು ಮಾಡಿದರೆಂಬುದು ತಿಳಿಯತಕ್ಕ ಸಂಗತಿ. ಇಮ್ಮಡಿ ದೇವರಾಯನು ತನ್ನ ಸಭೆಯನ್ನು ಕರೆದು, ಬಹಮನಿ ದಂಡು ಗೆಲ್ಲುವುದೇಕೆಂದು ವಿಚಾರಿಸಿದನಂತೆ. ಅವರ ಕುದುರೆಗಳು ಬಲಿಷ್ಠವಾಗಿವೆ, ಅವರಲ್ಲಿ ನುರಿತ ಬಿಲ್ಲುಗಾರರು ಇದ್ದಾರೆ ಎಂಬ ಉತ್ತರವು ಬಂದಿತು. ಆಗ ರಾಯನು ಮುಸಲ್ಮಾನ ಯೋಧರನ್ನು ತನ್ನ ದಂಡಿನಲ್ಲಿ ಸೇರಿಸಿಕೊಂಡು, ಅವರಿಗೆ ಜಹಗೀರುಗಳನ್ನು ಕೊಟ್ಟು, ರಾಜಧಾನಿಯಲ್ಲಿ ಮಸೀದಿಯನ್ನು ಕಟ್ಟಿಸಿ, ತನ್ನವರಿಗೂ ಬಿಲ್ವಿದ್ಯೆಯನ್ನು ಕಲಿಸಿದನೆಂದು ವಿಜಾಪುರದಲ್ಲಿದ್ದು ಚರಿತ್ರೆ ಬರೆದ ಫೆರಿಸ್ತನು ಹೇಳಿದ್ದಾನೆ. ದೇವರಾಯನ ಆಳ್ವಿಕೆಯಲ್ಲಿ ಅಹಮದಖಾನನೆಂಬ ಅಧಿಕಾರಿಯು 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಹಂಪೆಯಲ್ಲಿ ಇಂದಿಗೂ ನೋಡಬಹುದು. ಕಲಿಯಬೇಕಾದುದನ್ನು ಎದುರಾಳಿಯಿಂದಲೂ ಕಲಿಯಬೇಕೆಂಬ ಬುದ್ಧಿಯು ಆ ಅರಸನಲ್ಲಿತ್ತು.

ಆದರೆ ಕುದುರೆಗಳನ್ನು ಎಲ್ಲಿಂದ ತರಬೇಕು? ನಮ್ಮ ಬಿಸಿಲು, ಮಳೆ, ಮೇವುಗಳು ಪರದೇಶದ ದೊಡ್ಡ ಕುದುರೆಗೆ ಒಗ್ಗುವುದಿಲ್ಲ. ಪಾರಸ, ಅರಬಸ್ತಾನಗಳಿಂದ ಹಡಗುಗಳಲ್ಲಿ ಅವು ಗೋವೆ, ಭಟ್ಕಳಗಳಿಗೆ ಬಂದಿಳಿಯುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಜರ ನೂನಿಜನು ಬರೆದಿದ್ದಾನೆ. ಹೀಗೆ ವರ್ಷವರ್ಷವೂ ಕೊಳ್ಳಬೇಕಾಗಿತ್ತೆಂದರೆ ವರ್ಷವರ್ಷವೂ ಎಷ್ಟು ಸಾಯುತ್ತಿದ್ದವೆಂಬುದನ್ನು ಊಹಿಸಬಹುದು. ಹುಲ್ಲಿನ ನಾಡಿನ ಪ್ರಾಣಿಯನ್ನು ಹುಲ್ಲಿಲ್ಲದ ನಾಡಿನಲ್ಲಿ ಸಾಕುವ ಬೆಲೆ ಅದು.

ಭೀಮೆಯ ತಡಿಯ ತಟ್ಟು

ಈ ತೊಡಕಿಗೆ ನಮ್ಮ ಸೀಮೆಯೇ ಒಂದು ಪರಿಹಾರವನ್ನು ಕಂಡುಕೊಂಡಿತು. ಭೀಮಾ ನದಿಯ ದಂಡೆಗಳಲ್ಲಿ ಬೆಳೆದ ‘ಭೀಮಥಡಿ’ ಎಂಬ ಕುದುರೆಯ ತಳಿಯೇ ಆ ಪರಿಹಾರ. ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ತಡಿಯೆಂದರೆ ದಂಡೆ. ಕುದುರೆಯ ಬೆನ್ನಿಗೆ ಹಾಕುವ ಮೆತ್ತೆಗೂ ನಾವು ತಡಿಯೆಂದೇ ಅನ್ನುವುದುಂಟು. ಈ ಕುದುರೆಯು ಗಿಡ್ಡ, ಗಟ್ಟಿಗ, ಅಲ್ಪಾಹಾರಿ. ಕಲ್ಲುಮುಳ್ಳಿನ ಗುಡ್ಡದಲ್ಲಿಯೂ ಕಾಲು ತಪ್ಪದು. ಮಂಗೋಲರ ಕುದುರೆಯ ಗುಣಗಳೇ ಬಿಸಿಲುನಾಡಿನಲ್ಲಿ ಮರುಹುಟ್ಟು ಪಡೆದಂತೆ ಇದು ತೋರುತ್ತದೆ.

ಇಂಥ ಕುದುರೆಗಳ ಮೇಲೆ ಹಗುರಾದ ದಂಡನ್ನು ಕಟ್ಟಿ, ಎದುರಿಗೆ ನಿಂತು ಕಾದದೆ, ಶತ್ರುವಿನ ಧಾನ್ಯ ಮೇವುಗಳ ದಾರಿಯನ್ನು ಕಡಿಯುವ ಯುದ್ಧಕ್ರಮವನ್ನು ಬೆಳೆಸಿದವನು ಅಹಮದನಗರದ ಮಲಿಕ ಅಂಬರ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ದಖ್ಖನದಲ್ಲಿ ರಾಜ್ಯವಾಳುವ ಮಟ್ಟಕ್ಕೆ ಏರಿದ ಅಸಾಧಾರಣ ಪುರುಷನಿವನು. ಈ ಕ್ರಮವನ್ನು ಮೊಗಲರು ‘ಬಾರಗೀರಗಿರಿ’ ಎಂದು ಕರೆದರು. 1624ರಲ್ಲಿ ಭಾತವಡಿ ಎಂಬಲ್ಲಿ ಅವನು ಕೆರೆಯ ಒಡ್ಡನ್ನು ಒಡೆದು ನೀರು ಹರಿಸಿ, ಮೊಗಲ ಮತ್ತು ವಿಜಾಪುರದ ಕೂಡುದಂಡನ್ನು ಕೆಸರಿನಲ್ಲಿಯೂ ಹಸಿವಿನಲ್ಲಿಯೂ ಕೆಡವಿ ಸೋಲಿಸಿದನು. ಆ ಬಳಿಕ ಸೊಲ್ಲಾಪುರದ ಕೋಟೆಯೂ ಅವನ ವಶವಾಯಿತು. ಅದಕ್ಕೂ ಮೊದಲು 16ನೆಯ ಶತಮಾನದಲ್ಲಿ ಆ ಕೋಟೆಗಾಗಿ ವಿಜಾಪುರವೂ ಅಹಮದನಗರವೂ ಪದೇಪದೇ ಕಾದಾಡಿದ್ದವು. ಆ ದಂಡುಗಳ ಕುದುರೆಗಳು ತಿಂದದ್ದು ಈ ಸೀಮೆಯ ಹೊಲಗಳ ಕಣಿಕೆಯನ್ನೇ ಎಂಬುದನ್ನು ಮರೆಯಬಾರದು.

ಮಲಿಕ ಅಂಬರನ ಕ್ರಮವನ್ನು ಮರಾಠರು ಪೂರ್ಣತೆಗೆ ಮುಟ್ಟಿಸಿದರು. ಅವರ ದಂಡಿನಲ್ಲಿ ಸರಕಾರದ ಕುದುರೆಯನ್ನು ಏರುವವನು ಬಾರಗೀರ; ಸ್ವಂತ ಕುದುರೆಯನ್ನು ತರುವವನು ಶಿಲೇದಾರ. ಮಳೆಗಾಲದಲ್ಲಿ ಕುದುರೆಗಳು ಛಾವಣಿಯಲ್ಲಿರುತ್ತಿದ್ದವು; ದಸರೆಯ ದಿನ ಸೀಮೋಲ್ಲಂಘನ ಮಾಡಿ ದಂಡು ಹೊರಡುತ್ತಿತ್ತು. ದಸರೆಯೇ ಏಕೆ? ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಹೊಳೆಗಳು ಇಳಿದಿರುತ್ತವೆ, ಗುಡ್ಡದಲ್ಲಿ ಹುಲ್ಲು ಬೆಳೆದಿರುತ್ತದೆ, ಮುಂಗಾರಿನ ಪೈರು ಕೈಗೆ ಬರುತ್ತಿರುತ್ತದೆ. ಇಂದು ನಾವು ಬನ್ನಿಯನ್ನು ಬಂಗಾರವೆಂದು ಹಂಚಿಕೊಂಡು ಹಿರಿಯರಿಗೆ ನಮಸ್ಕರಿಸುವಾಗ, ಆ ಹಬ್ಬದ ಹಿಂದೆ ಕುದುರೆಯ ಮೇವಿನ ಪಂಚಾಂಗವೂ ಇದೆಯೆಂಬುದನ್ನು ಅರಿಯಬೇಕು.

ಶಿವಾಜಿಯ ಒಂದು ಪತ್ರ

ಈ ವಿಷಯದಲ್ಲಿ ನಮಗೆ ಅತ್ಯಂತ ಮಹತ್ವದ್ದೆಂದು ತೋರುವುದು ಯಾವ ಯುದ್ಧವೂ ಅಲ್ಲ, ಒಂದು ಪತ್ರ. 1670ರ ದಶಕದ ಮೊದಲ ವರ್ಷಗಳಲ್ಲಿ ಶಿವಾಜಿ ಮಹಾರಾಜರು ಕೊಂಕಣದ ಚಿಪಳೂಣದ ಸಮೀಪ ಮಳೆಗಾಲಕ್ಕಾಗಿ ಬೀಡುಬಿಟ್ಟ ಕುದುರೆಯ ದಂಡಿನ ಜುಮಲೆದಾರ, ಹವಾಲದಾರ, ಕಾರಕೂನರಿಗೆ ಬರೆಯಿಸಿದ ಪತ್ರವದು. ಅದರ ತಾತ್ಪರ್ಯ ಹೀಗಿದೆ: ಮಳೆಗಾಲಕ್ಕೆಂದು ಕೂಡಿಸಿದ ದಾಣಿಯನ್ನೂ ಹುಲ್ಲನ್ನೂ ಈಗಲೇ ಮನಬಂದಂತೆ ತಿನ್ನಿಸಿ ಮುಗಿಸಿದರೆ ಮಳೆಯ ನಡುವೆ ಏನೂ ಸಿಗದೆ ಕುದುರೆಗಳು ಸಾಯುವವು, ಆಗ ಆ ಸಾವುಗಳಿಗೆ ನೀವೇ ಹೊಣೆ. ಇಲ್ಲದಾಗ ನೀವು ರೈತರ ಮನೆಗೆ ನುಗ್ಗಿ ಒಬ್ಬರ ಕಾಳು, ಒಬ್ಬರ ರೊಟ್ಟಿ, ಒಬ್ಬರ ಹುಲ್ಲು, ಒಬ್ಬರ ಕಟ್ಟಿಗೆ ಎಂದು ಕಸಿಯತೊಡಗಿದರೆ, ಇವರಿಗಿಂತ ಮೊಗಲರೇ ಲೇಸೆಂದು ರೈತರು ಭಾವಿಸುವರು. ಬೇಕಾದುದನ್ನು ಪೇಟೆಯಲ್ಲಿ ಹಣ ಕೊಟ್ಟು ಕೊಳ್ಳಿರಿ. ರಾತ್ರಿ ದೀಪವನ್ನು ಆರಿಸಿ ಮಲಗಿರಿ. ಉರಿಯುವ ಬತ್ತಿಯನ್ನು ಇಲಿಯು ಕಚ್ಚಿಕೊಂಡು ಹೋದರೆ ಹುಲ್ಲಿನ ಬಣವೆಗಳು ಸುಟ್ಟುಹೋಗುವವು, ಬಳಿಕ ಕುದುರೆಗಳು ಉಳಿಯಲಾರವು.

ಕೋಟೆಗಳನ್ನು ಗೆದ್ದ ಪುರುಷನು ಇಲಿಯ ಬಾಯಿಯ ಬತ್ತಿಯವರೆಗೆ ವಿಚಾರ ಮಾಡಿದ್ದನ್ನು ನೋಡಿರಿ! ಕುದುರೆಯ ದಂಡಿನ ಗೆಲುವು ಬಣವೆಯಲ್ಲಿದೆ, ಬಣವೆಯು ರೈತನ ಹಿತದಲ್ಲಿದೆ ಎಂಬ ಅರಿವು ಆ ಪತ್ರದ ಸಾಲುಸಾಲಿನಲ್ಲಿಯೂ ಕಾಣುತ್ತದೆ.

ದೊಡ್ಡೇರಿಯ ಕಾಳಗ

ನಮ್ಮ ನಾಡಿನ ರಾವುತರಲ್ಲಿ ಸುಬುತಾಯಿಗೆ ಸರಿದೊರೆಯಾಗಿ ನಿಲ್ಲತಕ್ಕವನು ಯಾರೆಂದು ಮಕ್ಕಳು ಕೇಳಿದರೆ ನಾವು ಸಂತಾಜಿ ಘೋರ್ಪಡೆಯ ಹೆಸರನ್ನು ಹೇಳುವೆವು. 1695ರಿಂದ 1699ರವರೆಗೆ ಔರಂಗಜೇಬನ ಮಹಾಬೀಡು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ, ಮಂಗಳವೇಢೆಯ ಸಮೀಪ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ ಇದ್ದಿತು. ಆ ಕಾಲದಲ್ಲಿ ಸಂತಾಜಿಯು ಮಹಾರಾಷ್ಟ್ರ ಕರ್ನಾಟಕಗಳ ಉದ್ದಗಲಕ್ಕೂ ಮಿಂಚಿನಂತೆ ಸಂಚರಿಸುತ್ತಿದ್ದನು. ಅವನನ್ನು ತಡೆಯಲು ಹೊರಟ ಕಾಸೀಮಖಾನನೆಂಬ ಮೊಗಲ ಸರದಾರನನ್ನು 1695ರ ನವೆಂಬರಿನಲ್ಲಿ ಇಂದಿನ ಚಿತ್ರದುರ್ಗ ಜಿಲ್ಲೆಯ ದೊಡ್ಡೇರಿಯ ಬಳಿ ಅವನು ಎದುರಿಸಿದನು.

ಸಂತಾಜಿಯು ತನ್ನ ದಂಡನ್ನು ಮೂರು ಪಾಲು ಮಾಡಿದನು. ಒಂದು ಪಾಲು ಮುಂದೆ ಸಾಗಿಸಿದ್ದ ಡೇರೆ ಸರಂಜಾಮುಗಳ ಮೇಲೆ ಬಿದ್ದು ಸುಲಿಯಿತು. ಇನ್ನೊಂದು ಪಾಲು ಮೊಗಲರ ಸೈನಿಕರನ್ನು ಎದುರಿಸಿ ನಿಂತಿತು. ಮೂರನೆಯದನ್ನು ಸಮಯ ನೋಡಿ ಬಳಸಲು ಹಿಂದೆ ಇಟ್ಟುಕೊಂಡನು. ಚಿತ್ರದುರ್ಗದ ಪಾಳೆಯಗಾರನ ಕಾಲಾಳುಗಳೂ ಅವನಿಗೆ ಒದಗಿದರು. ಮೊಗಲರು ದೊಡ್ಡೇರಿಯ ಚಿಕ್ಕ ಕೋಟೆಯೊಳಗೆ ಹೊಕ್ಕರು. ಸಂತಾಜಿಯು ಕೋಟೆಯನ್ನು ಏರಲಿಲ್ಲ. ಸುತ್ತ ನಿಂತು ಕಾಯ್ದನು. ಕೆಲವೇ ದಿನಗಳಲ್ಲಿ ಒಳಗಿನ ಧಾನ್ಯ ಮುಗಿಯಿತು, ಮೇವು ಮುಗಿಯಿತು. ಕಾಸೀಮಖಾನನು ಅಲ್ಲಿಯೇ ಸತ್ತನು. ಉಳಿದವರು ಸರ್ವಸ್ವವನ್ನೂ ಒಪ್ಪಿಸಿ, ದಂಡದ ಹಣವನ್ನು ಕೊಡಲು ಒಪ್ಪಿ ಜೀವ ಉಳಿಸಿಕೊಂಡರು. ಹುಲ್ಲುನಾಡಿನ ವಿದ್ಯೆಯು ಕನ್ನಡ ನೆಲದಲ್ಲಿ ತೋರಿಸಿದ ಅತ್ಯಂತ ನಿಚ್ಚಳವಾದ ಉದಾಹರಣೆಯಿದು. ಇಲ್ಲಿಯೂ ಗೆದ್ದದ್ದು ಕತ್ತಿಗಿಂತ ಹೆಚ್ಚಾಗಿ ಹಸಿವು.

ಇಂಥ ವೀರನ ಕೊನೆಯು ದುಃಖಕರವಾದುದು. ಜೊತೆಯ ಸೇನಾಪತಿ ಧನಾಜಿ ಜಾಧವನೊಡನೆ ಅವನಿಗೆ ಒಡಕು ಬಂದಿತು. ಸ್ವಂತ ದಂಡೇ ಚದರಿತು. 1697ರಲ್ಲಿ ಹಳೆಯ ಹಗೆಯೊಂದರ ಕಾರಣದಿಂದ ಅವನು ಕೊಲ್ಲಲ್ಪಟ್ಟನು. ಬೆನ್ನ ಹಿಂದಿನ ಜನರು ಚದರಿದ ಮೇಲೆ ಅಷ್ಟು ದೊಡ್ಡ ರಾವುತನೂ ಒಬ್ಬಂಟಿ ಮನುಷ್ಯನಾದನು. ಆಟದ ವೀರನಿಗಿರುವ ಹೆಚ್ಚಿನ ಪ್ರಾಣಬಲವು ಚರಿತ್ರೆಯಲ್ಲಿ ಯಾರಿಗೂ ಇಲ್ಲ.

ಲೆಕ್ಕಕ್ಕೆ ಬಾರದವರು

ಇಷ್ಟೆಲ್ಲ ಹೇಳಿದ ಮೇಲೆ ಮೇವನ್ನು ಬೆಳೆದವನ ಮಾತನ್ನು ಆಡದಿದ್ದರೆ ಅಜ್ಜನವರ ಪ್ರಶ್ನೆಗೆ ಉತ್ತರ ಕೊಟ್ಟಂತಾಗದು. ಮಂಗೋಲನ ಕುದುರೆಯು ತನ್ನ ನಾಡಿನಲ್ಲಿ ಯಾರೂ ಬಿತ್ತದ ಹುಲ್ಲನ್ನು ತಿನ್ನುತ್ತಿತ್ತು. ದಖ್ಖನದಲ್ಲಿ ಹಾಗಲ್ಲ, ಇಲ್ಲಿ ಕುದುರೆ ತಿನ್ನುವ ಕಣಿಕೆಯು ಒಬ್ಬ ರೈತನ ಎತ್ತಿನ ಪಾಲು, ಅದು ತಿನ್ನುವ ಹುರುಳಿಯು ಅವನ ಮಕ್ಕಳ ಪಾಲು. ಮರಾಠರ ಆಡಳಿತದಲ್ಲಿ ‘ಘಾಸದಾಣಾ’ ಎಂಬ ಹೆಸರಿನ ವಸೂಲಿಯೇ ಇದ್ದಿತು. ಅದರ ಅರ್ಥ ಹುಲ್ಲು ಮತ್ತು ಕಾಳು. ಅರಸರು ಬದಲಾದರು, ದಂಡಿನ ನಿಶಾನೆಗಳು ಬದಲಾದವು. ಕೊಡುವವನು ಮಾತ್ರ ಅವನೇ ಉಳಿದನು. 1630ರಿಂದ 1632ರವರೆಗೆ ದಖ್ಖನವನ್ನು ಕಾಡಿದ ಘೋರ ಬರಗಾಲದಲ್ಲಿ ಮಳೆ ತಪ್ಪಿದ್ದಷ್ಟೇ ಅಲ್ಲ, ದೊಡ್ಡ ದಂಡುಗಳೂ ಇದೇ ನೆಲದಲ್ಲಿ ತಿರುಗುತ್ತಿದ್ದವು. ಆ ರೈತರ ಹೆಸರುಗಳು ಯಾವ ಬಖರದಲ್ಲಿಯೂ ಇಲ್ಲ.

1818ರ ಮೇ ತಿಂಗಳಲ್ಲಿ ಮನ್ರೋ ಸಾಹೇಬನು ಪೇಶವೆಯ ದಂಡನ್ನು ಸೋಲಿಸಿ ಸೊಲ್ಲಾಪುರದ ಕೋಟೆಯನ್ನು ಹಿಡಿದನು. ಆ ಬಳಿಕ ಭೀಮಥಡಿಯ ಯುದ್ಧದ ಬಾಳು ತೀರಿತು. ಆದರೆ ತಳಿಯು ಅಳಿಯಲಿಲ್ಲ. ಅದನ್ನು ಇಂದಿಗೂ ಉಳಿಸಿಕೊಂಡು ಬಂದವರು ಧನಗರ ಕುರುಬರು. ಕುರಿಹಿಂಡಿನ ಹಿಂದೆ ಡೇರೆ, ಪಾತ್ರೆ, ಕೋಳಿ, ಕೆಲವೊಮ್ಮೆ ಚಿಕ್ಕ ಕುರಿಮರಿಗಳನ್ನೂ ಹೇರಿಕೊಂಡು ತಲೆತಗ್ಗಿಸಿ ನಡೆಯುವ ಗಿಡ್ಡ ಕುದುರೆಯನ್ನು ನಮ್ಮ ಚಪಳಗಾಂವದ ಸುತ್ತಲಿನ ಹಾದಿಗಳಲ್ಲಿ ಕಂಡವರು, ಆ ಹಳೆಯ ರಾವುತರ ಕುದುರೆಗಳ ಬಂಧುವನ್ನು ಕಂಡಿರಬಹುದು. 2023ರಲ್ಲಿ ಕರ್ನಾಲದ ರಾಷ್ಟ್ರೀಯ ಸಂಸ್ಥೆಯು ಭೀಮಥಡಿಯನ್ನು ದೇಶದ ಅಧಿಕೃತ ಕುದುರೆ ತಳಿಗಳ ಪಟ್ಟಿಯಲ್ಲಿ ಸೇರಿಸಿತು. ಇಂದಿಗೂ ಹುಲ್ಲು ಹುಡುಕುತ್ತ ಅಲೆಯುವ ಜನರ ಜೊತೆಗೇ ಆ ಕುದುರೆಯು ಉಳಿದಿರುವುದು ಯೋಗ್ಯವಾಗಿಯೇ ಇದೆ.

ಇನ್ನು ಒಂದೇ ಮಾತು. ‘ಛಾವಣಿ’ ಎಂಬ ಶಬ್ದವನ್ನು ಮೇಲೆ ಬಳಸಿದ್ದೇವೆ. ಕುದುರೆಯ ದಂಡು ಮಳೆಗಾಲ ಕಳೆಯುವ ಬೀಡು ಎಂದು ಅದರ ಅರ್ಥ. ನಮ್ಮ ಜಿಲ್ಲೆಯ ತಂದೆತಾಯಿಗಳಿಗೆ ಆ ಶಬ್ದದ ಇನ್ನೊಂದು ಅರ್ಥವು ಚೆನ್ನಾಗಿ ಗೊತ್ತು. 2012–13ರಲ್ಲಿಯೂ ಮತ್ತೆ 2018–19ರಲ್ಲಿಯೂ ಮಳೆ ಕೈಕೊಟ್ಟಾಗ ಸೊಲ್ಲಾಪುರ ಜಿಲ್ಲೆಯಲ್ಲಿ ‘ಚಾರಾ ಛಾವಣಿ’ಗಳು ತೆರೆದವು. ಜನರು ಎತ್ತು, ಎಮ್ಮೆ, ಆಕಳುಗಳನ್ನು ಹೊಡೆದುಕೊಂಡು ಅಲ್ಲಿಗೆ ಹೋಗಿ, ಅವುಗಳ ಮಗ್ಗುಲಲ್ಲಿಯೇ ಮಲಗಿ, ಸರದಿಯಲ್ಲಿ ನಿಂತು ಮೇವು ಪಡೆದರು. ಕಬ್ಬಿನ ತುಂಡುಗಳನ್ನು ತಿನ್ನಿಸಿ ದಿನ ಕಳೆದರು. ದನವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ ಎಂಬ ಚಿಂತೆಯಲ್ಲಿ ನಿದ್ದೆಗೆಟ್ಟರು. ಆ ದಿನಗಳನ್ನು ಕಂಡವರಿಗೆ, ಮೇವಿನ ಪ್ರಶ್ನೆಯು ರಾಜ್ಯಗಳನ್ನು ಏರಿಸಿ ಇಳಿಸಿತೆಂದು ನಾವು ಹೇಳಿದರೆ ಆಶ್ಚರ್ಯವಾಗದು. ದೀಪಾವಳಿಯಂದು ಅಜ್ಜನವರು ಕೇಳಿದ ಪ್ರಶ್ನೆಯೂ ಅಂಥ ವರ್ಷಗಳ ಅನುಭವದಿಂದಲೇ ಹುಟ್ಟಿದ್ದು.

ಆದಕಾರಣ ಬಾಲಕ ಬಾಲಿಕೆಯರಲ್ಲಿ ನಮ್ಮ ಸೂಚನೆಯಿಷ್ಟೆ. ಓದು ಮುಗಿದ ಮೇಲೆ, ಹಿರಿಯರ ಅನುಮತಿಯಿಂದ, ಮಿತವಾಗಿ ಆಡಿರಿ. ಮಂಗುದಾಯಿಗಳನ್ನು ಓಡಿಸಿರಿ, ಕೋಟೆಗಳನ್ನು ಗೆಲ್ಲಿರಿ. ಆದರೆ ಪರದೆಯ ಮೇಲೆ ಕುದುರೆಗಳು ಸಾಲಾಗಿ ನಿಂತಾಗ ಒಮ್ಮೆ ಲೆಕ್ಕ ಹಾಕಿರಿ: ಇವು ಇಷ್ಟು, ಇವಕ್ಕೆ ದಿನಕ್ಕೆ ಮೇವೆಷ್ಟು, ಅದನ್ನು ಬೆಳೆದವರು ಯಾರು, ಕೊಟ್ಟ ಮೇಲೆ ಅವರ ಮನೆಯಲ್ಲಿ ಉಳಿದದ್ದೇನು? ಬಳಿಕ ಮನೆಯ ಹಿರಿಯರ ಬಳಿ ಕುಳಿತು, ಬರದ ವರ್ಷದಲ್ಲಿ ದನಗಳನ್ನು ಹೇಗೆ ಉಳಿಸಿಕೊಂಡರೆಂದು ಕೇಳಿರಿ. ಕೇಳಿದ್ದನ್ನು ವಹಿಯಲ್ಲಿ ಬರೆದಿಡಿರಿ. ಬಖರಗಳಲ್ಲಿ ಬರೆಯದೆ ಬಿಟ್ಟ ಪುಟವನ್ನು ನೀವಾದರೂ ಬರೆದಂತಾಗುವುದು.